ಒಂದೇ ಉಸಿರಿನ ಪಿಕಪ್

ನಾನು ಬ್ಯಾಟರಿ ಕಾರು ಕೊಂಡ ಸುದ್ದಿ ನರಗುಂದದಿಂದ ರೋಣಕ್ಕೆ ನನಗಿಂತ ಮೊದಲೇ ಹೋಗಿ ಮುಟ್ಟಿತ್ತು. ತೋರಿಸಲೆಂದು ಕಾಕಾನ ಮನೆ ಮುಂದೆ ನಿಲ್ಲಿಸಿದಾಗ ಅವರು ಕಟ್ಟೆ ಬಿಟ್ಟು ಏಳಲೂ ಇಲ್ಲ.

“ನೋಡಾಕ ಚಲೋ ಐತಿ. ಆದ್ರ ಇದಕ್ಕ ಪಿಕಪ್ ಎಲ್ಲಿಂದ ಬರಬೇಕವಾ? ಮಿಕ್ಸರ್ ಮ್ಯಾಲೆ ಕುಂತು ಗಜೇಂದ್ರಗಡಕ್ಕ ಹೋದಂಗ.”

ನನಗೆ ಸಿಟ್ಟು ಬರಲು ಇಷ್ಟು ಸಾಕು. ಮೊದಲಿನಿಂದಲೂ ನನ್ನ ಸಿಟ್ಟು ಮೂಗಿನ ತುದಿಯಲ್ಲೇ. ಆದರೆ ಕಾಕಾನ ಮೇಲೆ ಪೂರ್ತಿ ಸಿಟ್ಟಾಗಲು ಬರುತ್ತಿರಲಿಲ್ಲ, ಅವರ ಎಡಗಾಲಿನಿಂದಾಗಿ.

ಕಾಕಾ ಕಾಳುಕಡಿ, ಉಳ್ಳಾಗಡ್ಡಿ ವ್ಯಾಪಾರದವರು. ತಮ್ಮ ಡೀಸೆಲ್ ಕಾರನ್ನು ತಾವೇ ಓಡಿಸಿಕೊಂಡು ಇವತ್ತು ನರಗುಂದ, ನಾಳೆ ಗಜೇಂದ್ರಗಡ, ನಡುವೆ ಮೆಣಸಗಿಯ ರೈತರ ಹೊಲ ಎಂದು ಸುತ್ತಿದವರು. ಹೋದ ವರ್ಷ ಎಡಮೊಣಕಾಲಿಗೆ ಆಪರೇಷನ್ ಆಯಿತು. ನಡೆಯಲು ಅಡ್ಡಿಯಿಲ್ಲ, ಕ್ಲಚ್ ಒತ್ತಿದರೆ ಮಾತ್ರ ಕಣ್ಣಲ್ಲಿ ನೀರು. ಅಂದಿನಿಂದ ಕಾರು ಮಗನ ಕೈಗೆ ಹೋಯಿತು. ಯಾರ ಹಂಗೂ ಇಲ್ಲದೆ ತಿರುಗಿದ ಮನುಷ್ಯ ಬೆಳಗಾದರೆ ಮಗನ ಕೋಣೆಯ ಬಾಗಿಲಲ್ಲಿ ನಿಂತು “ಇವತ್ತ ಖಾಲಿ ಅದಿಯೇನಪಾ?” ಎಂದು ಕೇಳುವುದನ್ನು ನಾನೇ ಕೇಳಿಸಿಕೊಂಡಿದ್ದೆ.

ನನ್ನ ಕಾರಿನಲ್ಲಿ ಕ್ಲಚ್ಚೇ ಇಲ್ಲ. ಕಾಕಾ ಇದನ್ನು ಆರಾಮಾಗಿ ಓಡಿಸಬಹುದು ಎಂದು ಹೇಳಲೆಂದೇ ನಾನು ಬಂದದ್ದು.

“ಕ್ಲಚ್ ಇಲ್ಲಂದ್ರ ಅದು ಗಾಡಿ ಅಲ್ಲ, ತೊಟ್ಟಿಲ,” ಅಂದರು ಕಾಕಾ.

“ಹಂಗಾದ್ರ ಪಣ ಕಟ್ರಿ. ನಿಮ್ಮ ಡೀಸೆಲ್ ಗಾಡಿ, ನನ್ನ ತೊಟ್ಟಿಲ, ಎರಡೂ ಬಿಡೂಣು. ನಂದು ಮುಂದ ಹೋತಂದ್ರ ನೀವು ಇದನ್ನ ಓಡಸಬೇಕು.”

“ಹಿಂದ ಬಿತ್ತಂದ್ರ?”

“ನಾ ಮತ್ತ ಈ ಮಾತು ತಗ್ಯಾಂಗಿಲ್ಲ.”

“ನೀ ಅಷ್ಟಽ ಅಲ್ಲ, ಮನ್ಯಾಗ ಯಾರೂ ತಗೀಬಾರ್ದು.”

ಬಾಗಿಲಲ್ಲಿ ನಿಂತಿದ್ದ ಕಾಕಾನ ಮಗ ನನ್ನ ಮುಖ ನೋಡಿದ. ನಾನು ಸೋತರೆ ಕಾಕಾ ಇನ್ನು ಜೀವಮಾನವಿಡೀ ಎಡಗಡೆ ಸೀಟಿನಲ್ಲೇ ಎಂದು ಇಬ್ಬರಿಗೂ ಗೊತ್ತಾಯಿತು. ಆದರೂ ಆಗಲಿ ಎಂದೆವು.

ಕಾಕಾ ಸುತ್ತಮುತ್ತಲಿನ ಖಾಲಿ ಗಾಡಾ ಓಡಿಸುವ ಸ್ಪರ್ಧೆಗಳಿಗೆ ಕಾಯಂ ಪಂಚರು, ತೀರ್ಪು ಹೇಳುವವರು. ಎತ್ತುಗಳು ಖಾಲಿ ಬಂಡಿಯನ್ನು ಒಂದು ನಿಮಿಷದಲ್ಲಿ ಎಷ್ಟು ದೂರ ಎಳೆದವು ಎಂದು ಅಳೆಯುವ ಆಟ ಅದು. ಕಾರಿಗೂ ಅದೇ ಕಾನೂನು ಎಂದು ಪಟ್ಟು ಹಿಡಿದರು. ಒಂದು ನಿಮಿಷ ಬಿಟ್ಟರೆ ಎರಡೂ ಕಾರು ಯಾರದೋ ಜೋಳದ ಹೊಲ ಸೇರುತ್ತವೆ ಎಂದು ಮಗ ಹೇಳಿದ ಮೇಲೆ ಸ್ವಲ್ಪ ಇಳಿದರು. ತಾವು ಒಂದೇ ಉಸಿರಿಗೆ ಸೀಟಿ ಊದುವುದು, ಸೀಟಿ ನಿಂತಾಗ ಯಾರು ಮುಂದಿರುತ್ತಾರೋ ಅವರು ಗೆದ್ದಂತೆ. ಪಂಚರು ಅವರೇ, ಕಾರೂ ಅವರದೇ, ಉಸಿರೂ ಅವರದೇ. ಕಳ್ಳನ ಕೈಗೆ ಕೀಲಿಕೈ ಕೊಟ್ಟಂತಾಯಿತು ಎಂಬುದು ನನಗೆ ಆಗ ಹೊಳೆಯಲಿಲ್ಲ.

ಊರ ಹೊರಗಿನ ಹೊಸ ಲೇಔಟಿನಲ್ಲಿ ಇನ್ನೂ ಒಂದು ಮನೆಯೂ ಎದ್ದಿರಲಿಲ್ಲ. ನಡುವೆ ಗಿಡ ಹಚ್ಚಲು ಬಿಟ್ಟ ಜಾಗ, ಆಚೆಈಚೆ ಖಾಲಿ ಡಾಂಬರು ರಸ್ತೆ. ಸಂಜೆ ಅಲ್ಲಿಗೆ ಹೋದೆವು. ಕಾಕಾ ಸುಣ್ಣದ ಪುಡಿಯಿಂದ ಗೆರೆ ಎಳೆದರು. ತಮ್ಮ ಕಾರಿನ ಮೂತಿಗೆ ಭಂಡಾರದ ಅರಿಶಿನ ಹಚ್ಚಿ, ಎತ್ತಿನ ಬೆನ್ನು ಚಪ್ಪರಿಸಿದಂತೆ ಅದರ ಬಾನೆಟ್ ಚಪ್ಪರಿಸಿದರು. ನನ್ನದಕ್ಕೂ ಹಚ್ಚಿದರು, ಒಲ್ಲದ ಮನಸ್ಸಿನಿಂದ. ಮಗ ಡೀಸೆಲ್ ಕಾರಿನಲ್ಲಿ ಕೂತು ಗುರ್ ಗುರ್ ಅನ್ನಿಸತೊಡಗಿದ.

“ನೀನೂ ಚಾಲೂ ಮಾಡವಾ!” ಕಾಕಾ ನನ್ನತ್ತ ಕೂಗಿದರು.

“ಚಾಲೂ ಐತ್ರಿ!”

“ಖರೇನ?”

ಸೀಟಿ ಕೇಳಿದ್ದೇ ತಡ ಒತ್ತಿದೆ. ಬೆನ್ನು ಹಿಂದಕ್ಕೆ ಅಂಟಿಕೊಂಡಿತು. ಡೀಸೆಲ್ ಕಾರು ಮೊದಲ ಗೇರಿನಲ್ಲಿ ಅಬ್ಬರಿಸಿ, ಎರಡನೆಯದಕ್ಕೆ ಬೀಳುವಾಗ ಒಂದು ಗಳಿಗೆ ತಡವರಿಸಿತು. ಅಷ್ಟರಲ್ಲಿ ನಾನು ಎರಡು ಟ್ರ್ಯಾಕ್ಟರಿನಷ್ಟು ಮುಂದಿದ್ದೆ. ಡೀಸೆಲ್ ಕಾರಿಗೆ ಬಲ ಬರಬೇಕಾದರೆ ಎಂಜಿನ್ ವೇಗ ಏರಬೇಕು, ಗೇರು ಬದಲಾಗಬೇಕು. ನನ್ನದಕ್ಕೆ ಕಾಲಿಟ್ಟ ಕೂಡಲೇ ಇದ್ದಬದ್ದ ಬಲವೆಲ್ಲ ಕೈಗೆ ಸಿಗುತ್ತದೆ.

ಕನ್ನಡಿಯಲ್ಲಿ ಕಾಕಾ ಕಂಡರು. ಗೆರೆಯ ಮೇಲೆ ಒಬ್ಬರೇ, ಒಂದು ಕಾಲಿನ ಮೇಲೆ ಭಾರ ಹಾಕಿ ನಿಂತಿದ್ದರು. ಪಾಪ ಅನ್ನಿಸಿತು. ಹಿರಿಯರನ್ನು ಅವರದೇ ಊರಲ್ಲಿ ಸೋಲಿಸಿ ನನಗೇನು ಬಂತು ಎಂದು ಪಣವನ್ನೇ ಮರೆತು ಕಾಲು ಸಡಿಲಿಸಿದೆ. ಡೀಸೆಲ್ ಕಾರು ಗುಡುಗುತ್ತ ನನ್ನ ಮಗ್ಗುಲಿಗೇ ಬಂತು.

ಆಗ ಗಮನಕ್ಕೆ ಬಂತು, ಸೀಟಿ ಇನ್ನೂ ನಿಂತಿರಲಿಲ್ಲ. ನನ್ನ ಕಾರಿಗೆ ಸದ್ದಿಲ್ಲವಲ್ಲ, ತೆರೆದ ಕಿಟಕಿಯಲ್ಲಿ ಎಲ್ಲ ಕೇಳುತ್ತಿತ್ತು. ಸೀಟಿ ಸಣ್ಣಗಾಯಿತು, ಇನ್ನೇನು ನಿಂತಿತು ಅನ್ನುವಷ್ಟರಲ್ಲಿ ಹೊಸದಾಗಿ ದಪ್ಪಗಾಯಿತು. ಕಾಕಾ ಕಳ್ಳ ಉಸಿರು ತೆಗೆದುಕೊಂಡಿದ್ದರು! ತಮ್ಮ ಕಾರು ಮುಂದೆ ಬರುವವರೆಗೂ ಊದುವ ಹುನ್ನಾರ. ನನ್ನ ಕರುಣೆ ಅಲ್ಲೇ ಆರಿಹೋಯಿತು. ಪೆಡಲ್ ನೆಲಕ್ಕೆ ತಾಗುವಂತೆ ತುಳಿದೆ. ಕೊನೆಗೂ ಸೀಟಿ ಸತ್ತಾಗ ಡೀಸೆಲ್ ಕಾರು ಮತ್ತೆ ಹಿಂದೆ ಬಿದ್ದಿತ್ತು.

ತಿರುಗಿ ಬಂದು ನೋಡಿದರೆ ಕಾಕಾ ಗಡಿಕಲ್ಲಿನ ಮೇಲೆ ಕೂತಿದ್ದಾರೆ, ಮುಖ ಬ್ಯಾಡಗಿ ಮೆಣಸಿನಕಾಯಿ. ಮಗ ನೀರು ಕುಡಿಸಿದ.

“ಎರಡ ಸಲ ಉಸಿರ ತಗೊಂಡ್ರಿ, ಕಾಕಾ. ನನಗ ಕೇಳಿಸ್ತು.”

“ಮೂರ ಸಲ,” ಅಂದರು. “ಆದ್ರೂ ಸಾಲಲಿಲ್ಲ.”

ಮೂವರೂ ಹೊಟ್ಟೆ ಹುಣ್ಣಾಗುವಂತೆ ನಕ್ಕೆವು. ನಗು ಮುಗಿದ ಮೇಲೆ ಕಾಕಾ ಎದ್ದು, ಯಾರೂ ನೆನಪಿಸುವ ಮೊದಲೇ, ನನ್ನ ಕಾರಿನ ಬಲಬಾಗಿಲು ತೆಗೆದು ಕೂತರು. ಅವರ ಎಡಗಾಲು, ಅಲ್ಲಿಲ್ಲದ ಕ್ಲಚ್ಚನ್ನು ಹುಡುಕುತ್ತಿತ್ತು.

“ಇದನ್ನ ಎಲ್ಲಿಡ್ಲಿ?”

“ಸುಮ್ನ ಇಡ್ರಿ. ಅದಕ್ಕ ರಜಾ.”

ಡೀಸೆಲ್ ರೂಢಿಯಲ್ಲಿ ಜೋರಾಗಿ ಒತ್ತಿಬಿಟ್ಟರು. ಕಾರು ಜಿಗಿಯಿತು. “ಯಪ್ಪಾ!” ಎಂದು ಕಾಲು ತೆಗೆದು, ಆಮೇಲೆ ಹದ ಕಂಡುಕೊಂಡರು. ಲೇಔಟಿನ ಗೇಟಿನಲ್ಲಿ ಮಗ ಡೀಸೆಲ್ ಕಾರನ್ನು ಮನೆಯತ್ತ ತಿರುಗಿಸಿದ. ಕಾಕಾ ಗಜೇಂದ್ರಗಡದ ರಸ್ತೆ ಹಿಡಿದರು. ನಾನು ಎಡಗಡೆ ಸೀಟಿನಲ್ಲಿ ಬಾಯಿ ಮುಚ್ಚಿಕೊಂಡು ಕೂತೆ, ಅದು ನನ್ನ ಮಟ್ಟಿಗೆ ದೊಡ್ಡ ಸಾಧನೆ. ಬಸ್ಸೊಂದನ್ನು ದಾಟುವಾಗ ಅವರ ತುಟಿಯಲ್ಲಿ ನಗು ಕಂಡಿತು. ಸೂಡಿಯ ಹತ್ತಿರ ತಿರುಗಿಸಿಕೊಂಡು, ದೀಪ ಹಚ್ಚುವ ಹೊತ್ತಿಗೆ ಮನೆ ಮುಂದೆ ತಂದು ನಿಲ್ಲಿಸಿದರು.

ಕಾಕಿ ಒದ್ದೆ ಕೈ ಒರೆಸಿಕೊಳ್ಳುತ್ತ ಹೊರಗೆ ಬಂದರು. “ಮಗ ಆಗಲೇ ಬಂದಾನ. ನಿಮ್ಮನ್ನ ಯಾರು ಕರಕೊಂಡ ಬಂದ್ರು?”

“ನಾನಽ ಬಂದೆ,” ಅಂದರು ಕಾಕಾ.

ಕಾಕಿ ಅವರನ್ನು ನೋಡಿದರು, ಸ್ಟೇರಿಂಗ್ ಮೇಲಿನ ಕೈ ನೋಡಿದರು. ಸುತ್ತಿ ಬಂದು ನನ್ನ ಬಾಗಿಲು ತೆಗೆದರು.

“ಇಳಿಯವಾ.”

ಇಳಿದೆ. ಮನೆಯ ಸೀರೆಯಲ್ಲೇ, ಚಪ್ಪಲಿಯೂ ಇಲ್ಲದೆ, ಕಾಕಿ ನನ್ನ ಜಾಗದಲ್ಲಿ ಕೂತು ಬಾಗಿಲು ಎಳೆದುಕೊಂಡರು.

“ಎಲ್ಲಿಗೆ?” ಕಾಕಾ ಕೇಳಿದರು.

“ಎಲ್ಲಿಗರ ನಡೀರಿ.”

ನನ್ನ ಕಾರು ನನ್ನನ್ನೇ ಬೀದಿಯಲ್ಲಿ ಬಿಟ್ಟು ಓಣಿಯ ತಿರುವು ದಾಟಿ ಹೋಯಿತು.