ಬಿಳಿ ಟೈಲ್ಸಿನ ಮೇಲಿನ ಸದ್ದು

ನಮ್ಮ ಕೆಮಿಸ್ಟ್ರಿ ಸರ್‌ಗೆ ಕಣ್ಣು ಕಾಣುತ್ತಿಲ್ಲ ಎಂಬುದು ನಮ್ಮ ನಾಲ್ಕು ಜನ ಹುಡುಗಿಯರಿಗೆ ಗೊತ್ತಿತ್ತು. ಸರ್‌ಗಂತೂ ಗೊತ್ತೇ ಇತ್ತು. ನಮಗೆ ಗೊತ್ತಿದೆ ಎಂಬುದು ಅವರಿಗೆ ಗೊತ್ತಿದೆಯೋ ಇಲ್ಲವೋ, ಅದೊಂದು ಮಾತ್ರ ನಮಗೆ ತಿಳಿದಿರಲಿಲ್ಲ. ಬಿಎಸ್‌ಸಿಯ ಕೊನೆಯ ವರ್ಷವನ್ನು ನಾನು ಹೀಗೆ ಉಸಿರು ಬಿಗಿಹಿಡಿದೇ ಕಳೆದೆ. ಇವತ್ತು ಒಂದು ಕಾರ್ಖಾನೆಯ ಲ್ಯಾಬಿನಲ್ಲಿ ಕೆಲಸ ಮಾಡುತ್ತಿದ್ದರೂ, ಗಾಜು ಎಲ್ಲಿಯಾದರೂ ಟಕ್ ಎಂದರೆ ನನ್ನ ಎದೆ ಒಮ್ಮೆ ಝಲ್ ಎನ್ನುತ್ತದೆ.

ನಾನು ಸುಳ್ಳ ಎಂಬ ಹಳ್ಳಿಯಿಂದ ಓಡಾಡುತ್ತಿದ್ದವಳು. ಬೆಳಗಿನ ಬಸ್ಸಿಗೆ ಹುಬ್ಬಳ್ಳಿ, ಅಲ್ಲಿ ಇಳಿದು ಧಾರವಾಡದ ಬಸ್ಸಿಗೆ ನುಗ್ಗಾಟ. ಕಾಲೇಜು ಮುಟ್ಟುವ ಹೊತ್ತಿಗೆ ತಲೆಗೂದಲು ಗುಬ್ಬಿಗೂಡಾಗಿರುತ್ತಿತ್ತು, ಸಿಟ್ಟು ಮೂಗಿನ ತುದಿಗೆ ಬಂದು ಕೂತಿರುತ್ತಿತ್ತು. ಸರ್‌ಗೆ ನನ್ನ ಸಿಟ್ಟು ಕಂಡರೆ ಬಹಳ ಪ್ರೀತಿ. “ಬಂತ ನೋಡ್ರಿ ಸಲ್ಫ್ಯೂರಿಕ್ ಆಸಿಡ್, ಎಲ್ಲಾರೂ ದೂರ ಸರೀರಿ,” ಎಂದು ಇಡೀ ಲ್ಯಾಬಿಗೆ ಕೇಳುವ ಹಾಗೆ ಹೇಳುತ್ತಿದ್ದರು. ನಾನೂ ಸುಮ್ಮನಿರುವವಳಲ್ಲ, “ನೀರ ಹಾಕಿದ್ರ ಸಿಡೀತೇನ್ರಿ ಸರ, ಹುಷಾರ,” ಎನ್ನುತ್ತಿದ್ದೆ.

ಊರೂರಿನಿಂದ ಬರುವ ನಮ್ಮ ನಾಲ್ವರಿಗೆ ಊಟಕ್ಕೆ ಕೂಡಲು ಜಾಗವಿರಲಿಲ್ಲ. ಸರ್ ಲ್ಯಾಬಿನ ಪಕ್ಕದ ತಮ್ಮ ಕೋಣೆಯನ್ನೇ ಬಿಟ್ಟುಕೊಟ್ಟರು. ಬರಬರುತ್ತ ಅವರೂ ನಮ್ಮ ಜೊತೆ ಕೂತರು. ಹೆಂಡತಿ ತೀರಿಕೊಂಡ ಮೇಲೆ ಅವರ ಡಬ್ಬಿಯಲ್ಲಿ ಬರೀ ಅವಲಕ್ಕಿ, ಮೊಸರು ಇರುತ್ತಿತ್ತು. ನಮ್ಮ ರೊಟ್ಟಿ, ಬದನೆಕಾಯಿ, ಶೇಂಗಾ ಚಟ್ನಿಯಲ್ಲಿ ಅವರಿಗೊಂದು ಪಾಲು ಹೋಗುತ್ತಿತ್ತು, ಅವರು ತಂದ ಮೊಸರು ನಮ್ಮೆಲ್ಲರಿಗೆ. ಆ ಕೋಣೆಯಲ್ಲಿ ನಾವು ಮಾತಾಡದ ವಿಷಯವಿಲ್ಲ. ಯಾರಿಗೆ ಮನೆಯಲ್ಲಿ ಗಂಡು ನೋಡುತ್ತಿದ್ದಾರೆ, ಯಾರಿಗೆ ಫಿಸಿಕ್ಸ್ ತಲೆಗೆ ಹತ್ತುತ್ತಿಲ್ಲ, ಸರ್ ಮನೆಯಲ್ಲಿ ಮಾಡುವ ಸಾರು ಯಾಕೆ ಯಾವಾಗಲೂ ಕಹಿ, ಎಲ್ಲವೂ ಅಲ್ಲಿಯೇ ಇತ್ಯರ್ಥವಾಗುತ್ತಿತ್ತು.

ಎರಡನೆಯ ವರ್ಷ ಮುಗಿಯುತ್ತಿದ್ದಂತೆ ನಮ್ಮಪ್ಪ, “ಸಾಕ ಬಿಡವಾ, ದಿನಾ ಕತ್ತಲಾದ ಮ್ಯಾಲೆ ಮನಿಗೆ ಬರತಿ,” ಎಂದ. ನಾನು ಎರಡು ದಿನ ಕಾಲೇಜಿಗೆ ಹೋಗಲಿಲ್ಲ. ಭಾನುವಾರ ನೋಡಿದರೆ ಸರ್ ನಮ್ಮೂರಿನ ಬಸ್ಸಿನಿಂದ ಇಳಿಯುತ್ತಿದ್ದಾರೆ! ಹೊಸ್ತಿಲಲ್ಲಿ ಎಡವಿ ಬೀಳುವಂತಾದರು, ಅಪ್ಪ ರಟ್ಟೆ ಹಿಡಿದು ಒಳಗೆ ಕರೆತಂದ. ಉಂಡರು. ಕಡಲೆ, ಹತ್ತಿ, ಎರೆಹೊಲದಲ್ಲಿ ಬಿಡುವ ಬಿರುಕು, ಇವಿಷ್ಟನ್ನೇ ಅಪ್ಪನ ಜೊತೆ ಮಾತಾಡಿದರು. ಓದಿನ ಸುದ್ದಿಯನ್ನೇ ಎತ್ತಲಿಲ್ಲ. ಹೊರಡುವಾಗ ಮಾತ್ರ, “ನಾಳಿಗೆ ಪ್ರಾಕ್ಟಿಕಲ್ ಐತ್ರಿ ಯಜಮಾನ್ರ, ಮಗಳನ್ನ ಲಗೂ ಕಳಸ್ರಿ,” ಎಂದರು. ಅಪ್ಪ, “ಆತ್ರಿ ಸರ,” ಎಂದ. ಅಷ್ಟೇ. ಆ ಒಂದು ಮಾತಿಗಾಗಿ ಬಿಸಿಲಲ್ಲಿ ಎರಡು ಬಸ್ಸು ಬದಲಿಸಿ ಬಂದ ಮನುಷ್ಯನಿಗೆ ನಾನು ಏನು ತಾನೇ ಕೊಡಲಿ ಎಂದು ಆ ದಿನವೆಲ್ಲ ಅನ್ನಿಸಿತು.

ಆಗ ಸರ್ ಎಡವಿದ್ದು ನಮ್ಮ ಹೊಸ್ತಿಲು ಎತ್ತರವಿದ್ದುದಕ್ಕೆ ಎಂದುಕೊಂಡಿದ್ದೆ. ಸಕ್ಕರೆ ಕಾಯಿಲೆ ಅವರ ಕಣ್ಣಿಗೆ ಇಳಿದಿತ್ತು. ಎದುರಿಗೆ ಮನುಷ್ಯರಿದ್ದಾರೆ, ಬಾಗಿಲು ಅಲ್ಲಿದೆ ಎಂಬಷ್ಟು ಕಾಣುತ್ತಿತ್ತು. ಅಕ್ಷರ, ಬಣ್ಣ, ಮುಖ ಎಲ್ಲವೂ ಕದಡಿದ ನೀರಿನ ಹಾಗೆ. ಇದು ನಮಗೆ ತಿಳಿದದ್ದು ಕೊನೆಯ ವರ್ಷದ ದೀಪಾವಳಿಯ ಮುಂಚೆ.

ಬಾಟಲಿಯನ್ನು ಎಲ್ಲಿಂದ ತೆಗೆದಿರೋ ಅಲ್ಲಿಯೇ ಇಡಬೇಕು, ಇದು ನಮ್ಮ ಲ್ಯಾಬಿನ ಮೊದಲ ನಿಯಮ. ಅಂಗುಲ ಸರಿದರೂ ಸರ್ ಕೂಗಾಡುತ್ತಿದ್ದರು. ಅದು ಶಿಸ್ತು ಎಂದು ತಿಳಿದಿದ್ದೆವು. ಆ ದಿನ ಯಾರೋ ಅಮೋನಿಯಾ ಇರಬೇಕಾದ ಜಾಗದಲ್ಲಿ ಸಲ್ಫ್ಯೂರಿಕ್ ಆಸಿಡ್ ಬಾಟಲಿ ಇಟ್ಟುಬಿಟ್ಟಿದ್ದರು. ಸರ್ ಪಾಠ ಹೇಳುತ್ತ, ನೋಡದೆಯೇ ಕೈಚಾಚಿ ಅದನ್ನೆತ್ತಿ, ಮುಚ್ಚಳ ತೆಗೆದು, ನೀರಿದ್ದ ಪ್ರನಾಳದ ಕಡೆ ಬಗ್ಗಿಸಿದರು. ಬಾಟಲಿಯ ಹೆಸರಿನ ಚೀಟಿ ನನ್ನ ಕಡೆಗಿತ್ತು. ನಾನು ಗಪ್ಪನೆ ಅವರ ಮಣಿಕಟ್ಟು ಹಿಡಿದೆ.

“ಏನಾತವಾ?”

“ಬಾಟ್ಲಿ ಬ್ಯಾರೆ ಐತ್ರಿ ಸರ.”

ಅವರು ಬಾಟಲಿಯನ್ನು ಕಿಟಕಿಯ ಬೆಳಕಿಗೆ ಒಯ್ದು ಮೂಗಿಗೆ ತಾಗುವಷ್ಟು ಹತ್ತಿರ ಹಿಡಿದರು. ಮುಖ ಬಿಳಿಚಿತು. ಆಮೇಲೆ ನಮ್ಮೆಲ್ಲರ ಮೇಲೆ ಹರಿಹಾಯ್ದರು. “ಜಾಗಾ ಬದಲ ಮಾಡಬ್ಯಾಡ್ರಿ ಅಂತ ಎಷ್ಟ ಸಲ ಬಡಕೋಬೇಕು?” ಕೈ ಹಿಡಿದು ತಡೆದ ನನಗೂ ಬೈಗುಳ ತಪ್ಪಲಿಲ್ಲ. ಮಾಡಿದ ಉಪಕಾರಕ್ಕೆ ಇದೇನಾ ಬಹುಮಾನ ಎಂದು ಕುದಿಯುತ್ತ ಬಸ್‌ಸ್ಟಾಪಿಗೆ ಬಂದವಳಿಗೆ ಅಲ್ಲಿ ನಿಂತಾಗಲೇ ಎಲ್ಲ ಹೊಳೆದದ್ದು. ಹೊಳೆದ ಕೂಡಲೇ ಉಳಿದ ಮೂವರಿಗೂ ಹೇಳಿದೆ.

ನಾಲ್ವರೂ ಬಂದ ಬಸ್ಸುಗಳನ್ನು ಬಿಟ್ಟು ಅಲ್ಲಿಯೇ ನಿಂತು ವಾದ ಮಾಡಿದೆವು. ಸರ್‌ಗೆ ಹೇಳಬೇಕು ಎಂದು ನಾನು. ಗಬ್ಬೂರಿನಿಂದ ಬರುತ್ತಿದ್ದ ಗೆಳತಿ ಒಪ್ಪಲಿಲ್ಲ. ನಮ್ಮಲ್ಲಿ ಬಹಳ ಮೆತ್ತನೆಯ ಹುಡುಗಿ ಅವಳು.

“ಹೇಳಿದ್ರ ಪ್ರಿನ್ಸಿಪಾಲರ ಕಿವಿಗೆ ಬೀಳತೈತಿ. ನಾಳಿಗೇ ಲ್ಯಾಬಿನಿಂದ ಹೊರಗ ಹಾಕತಾರ. ರಿಟೈರ್ ಆಗಾಕ ಇನ್ನೊಂದ ವರ್ಷ ಐತಿ, ಸರ್ ಆ ಖಾಲಿ ಮನ್ಯಾಗ ಕುಂತ ಏನ ಮಾಡಬೇಕು?”

ನಮಗೆಲ್ಲ ಆ ಮನೆ ಗೊತ್ತಿತ್ತು. ಲ್ಯಾಬು ಕೈಬಿಟ್ಟರೆ ಸರ್ ಉಳಿಯುವುದಿಲ್ಲ ಎಂದೇ ನಮಗೆ ಭಯ. ಅಲ್ಲದೆ ಬೆಕ್ಕಿನ ಕೊರಳಿಗೆ ಗಂಟೆ ಕಟ್ಟುವವರು ಯಾರು? ಬಾಯಲ್ಲಿ ಇಷ್ಟು ಜೋರಿದ್ದ ನಾನೂ ಹಿಂದೆ ಸರಿದೆ. ಸರ್‌ಗೆ ಹೇಳದೆ ನಾವೇ ಅವರನ್ನು ಕಾಯುವುದು ಎಂದು ತೀರ್ಮಾನವಾಯಿತು.

ಅಂದಿನಿಂದ ನಮ್ಮಲ್ಲೊಬ್ಬಳು ಸದಾ ಸರ್ ಪಕ್ಕದಲ್ಲಿ ಇರುತ್ತಿದ್ದಳು. ಬೆಳಿಗ್ಗೆ ಎಲ್ಲರಿಗಿಂತ ಮೊದಲು ಬಂದು ಬಾಟಲಿಗಳ ಸಾಲನ್ನು ನೋಡಿಡುತ್ತಿದ್ದೆವು. ಉಳಿದದ್ದು ಟೈಟ್ರೇಶನ್. ಮೇಲಿನ ಗಾಜಿನ ನಳಿಗೆಯಿಂದ ಕ್ಷಾರವನ್ನು ಹನಿಹನಿಯಾಗಿ ಕೆಳಗಿನ ಫ್ಲಾಸ್ಕಿಗೆ ಬಿಡಬೇಕು, ಫ್ಲಾಸ್ಕಿನಲ್ಲಿರುವುದು ತಿಳಿ ಗುಲಾಬಿಗೆ ತಿರುಗಿದ ಕೂಡಲೇ ನಿಲ್ಲಿಸಬೇಕು. ಬಣ್ಣ ಚೆನ್ನಾಗಿ ಕಾಣಲೆಂದು ಫ್ಲಾಸ್ಕಿನ ಕೆಳಗೆ ಒಂದು ಬಿಳಿ ಟೈಲ್ಸ್ ಇರುತ್ತದೆ. ಒಂದು ಹನಿ ಹೆಚ್ಚಾದರೆ ಬಣ್ಣ ಗಾಢವಾಗಿ ಲೆಕ್ಕ ಕೆಡುತ್ತದೆ. ಸರ್ ಬಂದು ನೋಡಿ, ಛಲೋ ಎನ್ನಬೇಕು ಇಲ್ಲವೇ ಮತ್ತೆ ಮಾಡು ಎನ್ನಬೇಕು. ಬಣ್ಣ ಸರಿ ಬಂದಿದ್ದರೆ ನಾವು ಫ್ಲಾಸ್ಕನ್ನು ಟೈಲ್ಸಿನ ಮೇಲೆ ಟಕ್ ಎನಿಸಿ ಇಡತೊಡಗಿದೆವು. ತಪ್ಪಿದ್ದರೆ ಸದ್ದಿಲ್ಲದೆ ಇಡುತ್ತಿದ್ದೆವು. ಬ್ಯಾಚಿನ ಉಳಿದವರಿಗೆ, “ಬಣ್ಣ ಸರಿ ಬಂದಾಗಷ್ಟ ಹಂಗ ಇಡ್ರಿ, ಸರ್‌ಗೆ ಸೇರತೈತಿ,” ಎಂದು ಹೇಳಿಕೊಟ್ಟೆವು. ಸರ್‌ಗೆ ನಾವು ಏನೂ ಹೇಳಲಿಲ್ಲ, ಅವರೂ ಏನೂ ಕೇಳಲಿಲ್ಲ. ಆದರೆ ಕೆಲವೇ ದಿನಗಳಲ್ಲಿ ಟಕ್ ಎಂದರೆ ಛಲೋ, ಇಲ್ಲದಿದ್ದರೆ ಮತ್ತೆ ಮಾಡು ಎನ್ನುವುದು ರೂಢಿಯಾಯಿತು. ನಮ್ಮ ಜಾಣತನಕ್ಕೆ ನಾವೇ ಬೆನ್ನು ತಟ್ಟಿಕೊಂಡೆವು.

ಹಾಗೆಯೇ ವಾರ್ಷಿಕ ಪ್ರಾಕ್ಟಿಕಲ್ ಪರೀಕ್ಷೆ ಬಂತು. ಬೇರೆ ಊರಿನ ಕಾಲೇಜಿನಿಂದ ಒಬ್ಬರು ಮೇಡಂ ಪರೀಕ್ಷಕರಾಗಿ ಬಂದರು. ತೆಳ್ಳಗಿನ ಹೆಂಗಸು, ನಗು ಇಲ್ಲ, ಕಣ್ಣು ಮಾತ್ರ ಗಿಡುಗದ್ದು. ಬಂದವರೇ, “ಯಾರೂ ಮಾತಾಡುವ ಹಾಗಿಲ್ಲ,” ಎಂದರು. ಒಬ್ಬೊಬ್ಬರ ಬಳಿಯೂ ಸರ್ ಮತ್ತು ಮೇಡಂ ಜೊತೆಯಾಗಿಯೇ ಬರುತ್ತಿದ್ದರು. ಮೊದಲು ಸರ್ ನೋಡಿ ಹೇಳಬೇಕು, ನಂತರ ಅವರು ನೋಡಿ ಅಂಕ ಹಾಕಬೇಕು.

ಮೊದಲ ಸಾಲು ಮುಗಿಯಿತು. ಟಕ್, ಛಲೋ. ಟಕ್, ಛಲೋ. ಒಬ್ಬ ಹುಡುಗ ಸದ್ದಿಲ್ಲದೆ ಇಟ್ಟ, ಸರ್ ಮತ್ತೆ ಮಾಡು ಎಂದರು. ಮೇಡಂ ತಲೆಯಾಡಿಸಿದರು. ನನ್ನ ಸರದಿಯೂ ಮುಗಿಯಿತು. ಬೆವರಿದ ಅಂಗೈಯನ್ನು ಏಪ್ರನ್ನಿಗೆ ಒರೆಸಿಕೊಳ್ಳುತ್ತ ನಾನು ಪಕ್ಕದ ಗಬ್ಬೂರಿನ ಗೆಳತಿಯ ಕಡೆ ನೋಡಿದೆ. ಅವಳ ಕೈ ಗಡಗಡ ನಡುಗುತ್ತಿತ್ತು. ನಳಿಗೆಯ ತಿರುಪು ಹೆಚ್ಚು ತಿರುಗಿ ಕ್ಷಾರ ಧಾರೆಯಾಗಿಯೇ ಇಳಿದುಬಿಟ್ಟಿತು. ಫ್ಲಾಸ್ಕು ದಾಸವಾಳದ ಹಾಗೆ ಕೆಂಪಾಯಿತು. ಸರ್ ಮತ್ತು ಮೇಡಂ ಅವಳ ಮುಂದೆ ಬಂದು ನಿಂತರು. ಮೆಲ್ಲಗೆ ಇಡು ತಾಯಿ, ಮೆಲ್ಲಗೆ, ಎಂದು ನಾನು ಮನಸ್ಸಿನಲ್ಲಿಯೇ ಬೇಡಿಕೊಂಡೆ. ಅವಳು ಮೆಲ್ಲಗೆ ಇಡಲೆಂದೇ ಬಗ್ಗಿದಳು. ನಡುಗುವ ಕೈ ಕೇಳಬೇಕಲ್ಲ? ಗಾಜು ಟೈಲ್ಸಿಗೆ ಬಡಿಯಿತು. ಟಕ್.

“ಛಲೋ ಬಂದೈತಿ, ರೀಡಿಂಗ್ ಬರಕೋವಾ,” ಎಂದರು ಸರ್.

ಮೇಡಂ ಮುಂದಕ್ಕೆ ಹೋಗಲಿಲ್ಲ. ಆ ಫ್ಲಾಸ್ಕನ್ನು ಎತ್ತಿ ಕಿಟಕಿಯ ಬೆಳಕಿಗೆ ಹಿಡಿದರು. ಇಡೀ ಲ್ಯಾಬಿಗೆ ಆ ಕೆಂಪು ಕಂಡಿತು, ಒಬ್ಬರನ್ನು ಬಿಟ್ಟು.

“ಸರ್, ಇದು ಸರಿಯಾಗಿದೆಯಾ?”

ಸರ್ ಫ್ಲಾಸ್ಕಿನತ್ತ ಮುಖ ತಿರುಗಿಸಿ ಕಣ್ಣು ಕಿರಿದು ಮಾಡಿದರು. ನಾವು ಹೇಳಿಬಿಡಬಹುದಿತ್ತು. ಕೆಮ್ಮಬಹುದಿತ್ತು. ಏನಾದರೂ ಬೀಳಿಸಿ ಒಡೆದು ಗದ್ದಲ ಎಬ್ಬಿಸಬಹುದಿತ್ತು, ನನಗೆ ಅದೂ ಹೊಳೆದಿತ್ತು. ಗೆಳತಿ ಬಿಕ್ಕುತ್ತ, “ಸರ್ದು ತಪ್ಪಿಲ್ರಿ ಮೇಡಂ, ನಾನು...” ಎಂದು ಶುರು ಮಾಡಿದಳು.

“ನೀ ಸುಮ್ನಿರ ತಂಗಿ,” ಎಂದರು ಸರ್. ಆಮೇಲೆ ಬಹಳ ಸಾವಕಾಶ, “ನನಗ ಕಾಣಂಗಿಲ್ರಿ ಮೇಡಂ. ಬಣ್ಣ ಕಾಣಂಗಿಲ್ಲ. ಈ ಹುಡುಗೋರು ಸಪ್ಪಳಾ ಮಾಡತಾರ, ನಾ ಛಲೋ ಅಂತೇನಿ. ಇಷ್ಟ ದಿನಾ ಹಂಗ ನಡದೈತಿ.”

ಮೇಡಂ ಫ್ಲಾಸ್ಕನ್ನು ಕೆಳಗಿಟ್ಟರು. ಅವರ ದನಿ ಸ್ವಲ್ಪ ಮೆತ್ತಗಾಗಿತ್ತು. “ನಾನಿದನ್ನು ವರದಿಯಲ್ಲಿ ಬರೆಯಬೇಕಾಗುತ್ತದೆ ಸರ್.”

“ಬರೀರಿ. ಬರೀಲೇಬೇಕು. ಆದ್ರ ಹುಡುಗೋರದು ನೀವು ಮೊದಲಿಂದ ನೋಡ್ರಿ, ನನ್ನ ಮಾತ ಹಿಡೀಬ್ಯಾಡ್ರಿ.”

ಸರ್ ಬಾಗಿಲ ಬಳಿಯ ಸ್ಟೂಲಿನ ಮೇಲೆ ಹೋಗಿ ಕೂತರು. ಮೇಡಂ ಒಬ್ಬೊಬ್ಬರದನ್ನೂ ತಾವೇ ಪರೀಕ್ಷಿಸಿದರು. ಗೆಳತಿಗೆ ಮತ್ತೊಮ್ಮೆ ಮಾಡಲು ಬಿಟ್ಟರು, ಅವಳು ಅಳುತ್ತಲೇ ಮಾಡಿದಳು.

ಮೇಡಂ ಪ್ರಿನ್ಸಿಪಾಲರ ಕೋಣೆಗೆ ಹೋದ ಮೇಲೆ ನಾವು ನಾಲ್ವರು ಹೊರಗೆ ಪಡಸಾಲೆಯಲ್ಲಿ ಸರ್ ಮುಂದೆ ನಿಂತೆವು. ಸಮಾಧಾನದ ಮಾತು ಆಡುತ್ತಾರೆ ಎಂದುಕೊಂಡಿದ್ದೆವು. ಅವರ ದವಡೆ ಬಿಗಿದಿತ್ತು.

“ಎಂದಿನಿಂದ ಗೊತ್ತಿತ್ತು?”

“ದೀಪಾವಳಿ ಮುಂಚೇನಿಂದ್ರಿ,” ಎಂದೆ.

“ಆಸಿಡ್ ಬಾಟ್ಲಿ ನನ್ನ ಕೈಯಾಗ ಹಿಡಕೊಂಡ ನಿಂತಿದ್ದೆ, ಅವತ್ತ ಹೇಳಬೇಕಿತ್ತಿಲ್ಲೋ? ಯಾರದರ ಮಾರಿ ಸುಟ್ಟಿದ್ರ? ನನ್ನ ಉಳಸಾಕ ಹೊಂಟಿದ್ರಿ ಅಲ್ಲ? ನಾ ನಿಮ್ಮನ್ನ ಗೆಳ್ಯಾರು ಅಂತ ತಿಳದಿದ್ದೆ. ಗೆಳ್ಯಾರಾಗಿದ್ರ ಮುಂದ ನಿಂತು, ನಿಮಗ ಕಾಣಂಗಿಲ್ಲ ಸರ, ಸಾಕ ಮಾಡ್ರಿ ಅಂತಿದ್ರಿ.”

ಉಳಿದ ಮೂವರು ತಲೆ ತಗ್ಗಿಸಿದರು. ನನಗೆ ಮಾತ್ರ ರೇಗಿಹೋಯಿತು. ಅವರನ್ನು ಕಾದು ಕಾದು, ಹೆದರಿ ಹೆದರಿ ತಿಂಗಳುಗಟ್ಟಲೆ ಕಳೆದಿದ್ದೆ.

“ನೀವು ಹೇಳಿದ್ರೇನ್ರಿ ಸರ?” ಎಂದುಬಿಟ್ಟೆ. “ದಿನಾ ನಮ್ಮ ರೊಟ್ಟಿ ಉಂಡ್ರಿ. ನಮ್ಮ ಮನಿ ಸುದ್ದಿ ಎಲ್ಲಾ ಕೇಳಿದ್ರಿ. ನಿಮ್ದೊಂದು ಹೇಳಾಕ ಬರಲಿಲ್ಲೇನ್ರಿ? ಗೆಳ್ಯಾರಂದ್ರ ನಾವಷ್ಟ ಗೆಳ್ಯಾರೇನ್ರಿ?”

ಗಬ್ಬೂರಿನವಳು ನನ್ನ ತೋಳು ಚಿವುಟಿದಳು. ಸರ್ ನನ್ನ ದನಿ ಬಂದ ಕಡೆ ಮುಖ ತಿರುಗಿಸಿದರು. ಹೊಡೆದೇ ಬಿಡುತ್ತಾರೇನೋ ಎನ್ನಿಸಿತು. ಆದರೆ ಅವರ ದವಡೆ ಸಡಿಲವಾಯಿತು, ಭುಜ ಇಳಿಯಿತು, ಒಮ್ಮೆಲೇ ಮುದುಕರಾದಂತೆ ಕಂಡರು.

“ಖರೇ ಐತಿ ನಿನ್ನ ಮಾತು,” ಎಂದರು. “ಅಂಜಿಕಿ ಬಂದಿತ್ತವಾ. ಹೇಳಿದ್ರ ಎಲ್ಲಾ ಮುಗೀತು ಅನಸ್ತಿತ್ತು. ಈಗ ಹೇಳತೇನಿ ಕೇಳು. ನಿನ್ನ ಮಾರಿ ನೋಡಿ ನನಗ ವರ್ಷದ ಮ್ಯಾಲಾತು. ಯಾರು ಎಲ್ಲೆ ನಿಂತೀರಿ ಅಂತ ದನಿ ಮ್ಯಾಲೆ ಗುರ್ತ ಹಿಡೀತೇನಿ. ನೀ ಹೆಂಗದಿ ಅನ್ನೂದು ಮರ್ತ ಹೋಗೇತಿ.”

ಅವರು ಗಾಳಿಯಲ್ಲಿ ಕೈ ಚಾಚಿದರು, ನಾನು ಹಿಡಿದುಕೊಂಡೆ.

“ಅಳಾಕತ್ತೀಯೇನು?”

“ಇಲ್ರಿ ಸರ.”

“ಖರೇ ಹೇಳು.”

“ಹೌದ್ರಿ ಸರ,” ಎಂದೆ. “ಅಳಾಕತ್ತೇನಿ.”