ಓಡುವ ಮನೆಯೋ, ಎಳೆಯುವ ಮನೆಯೋ

ನನ್ನ ಗಂಡನಿಗೆ ಯಾವುದಾದರೂ ಹುಚ್ಚು ಹಿಡಿದರೆ ಅದು ಮನೆಮಂದಿಗೆಲ್ಲ ಹಿಡಿಯಲೇಬೇಕು. ಒಂದು ವರ್ಷ ಹುಳಿಬ್ರೆಡ್ಡು ಮಾಡುವ ಹುಚ್ಚು, ಇನ್ನೊಂದು ವರ್ಷ ಹಿತ್ತಲಲ್ಲಿ ಜೇನು ಸಾಕುವ ಹುಚ್ಚು. ಹೋದ ಚಳಿಗಾಲ ಹಿಡಿದದ್ದು ಚಕ್ರದ ಮೇಲಿನ ಮನೆಯ ಹುಚ್ಚು. ರಜೆ ಬಂದಾಗಲೆಲ್ಲ ಹೋಟೆಲು ಹುಡುಕುವುದು, ಅಲ್ಲಿ ನಮ್ಮ ಊಟ ಸಿಗದೆ ಚಿಪ್ಸು ತಿಂದು ಮಲಗುವುದು ಸಾಕಾಗಿದೆ, ಇನ್ನು ಮೇಲೆ ಮನೆಯನ್ನೇ ಜೊತೆಗೆ ಕರೆದುಕೊಂಡು ಹೋಗೋಣ ಅಂದರು. ಇಂಥ ಮನೆಗಳಲ್ಲಿ ಎರಡು ಜಾತಿ. ಮೋಟರ್‌ಹೋಮ್ ಅಂದರೆ ಎಂಜಿನ್ನು, ಅಡುಗೆಮನೆ, ಹಾಸಿಗೆ, ಬಚ್ಚಲು ಎಲ್ಲ ಒಂದೇ ವಾಹನದಲ್ಲಿ. ಮುಂದೆ ಕೂತು ಓಡಿಸುವುದು, ಹಿಂದೆ ಹೋಗಿ ಮಲಗುವುದು. ಟ್ರೇಲರ್ ಅಂದರೆ ಎಂಜಿನ್ನಿಲ್ಲದ ಮನೆ. ಅದನ್ನು ಕಾರಿನ ಹಿಂದೆ ಕಟ್ಟಿಕೊಂಡು ಎಳೆದುಕೊಂಡು ಹೋಗಬೇಕು. ಅವರು ಟ್ರೇಲರ್ ಅಂದರು. ನಾನು ಮೋಟರ್‌ಹೋಮ್ ಅಂದೆ. ಅಲ್ಲಿಂದ ಶುರುವಾಯಿತು ನೋಡಿ ಕುರುಕ್ಷೇತ್ರ.

ನಿಜ ಹೇಳಬೇಕೆಂದರೆ ಅವರ ಮಾತಿನಲ್ಲಿ ತಪ್ಪೇನೂ ಇರಲಿಲ್ಲ. ಎಳೆಯುವ ಶಕ್ತಿ ಇರುವ ಕಾರು ಮನೆಯಲ್ಲೇ ಇದೆ, ಇನ್ನೊಂದು ಎಂಜಿನ್ನನ್ನು ಯಾಕೆ ಸಾಕಬೇಕು? ಟ್ರೇಲರ್ ಆದರೆ ಕ್ಯಾಂಪಿನಲ್ಲಿ ಬಿಚ್ಚಿಟ್ಟು, ಹಾಲು ತರಲು, ಬೆಟ್ಟ ನೋಡಲು ಕಾರಿನಲ್ಲಿ ಹಾಯಾಗಿ ಓಡಾಡಬಹುದು. ಮೋಟರ್‌ಹೋಮ್ ಆದರೆ ಒಂದು ಕಟ್ಟು ಕೊತ್ತಂಬರಿ ತರಲೂ ಇಡೀ ಮನೆಯನ್ನು ಓಡಿಸಿಕೊಂಡು ಹೋಗಬೇಕು. ಇಷ್ಟಕ್ಕೆಲ್ಲ ನನ್ನ ಉತ್ತರ ಏನು? ಮೋಟರ್‌ಹೋಮ್ ನೋಡಲು ಚೆನ್ನಾಗಿದೆ ಅಂದೆ. ಎತ್ತರದಲ್ಲಿ ಕೂತರೆ ನನಗೆ ತಲೆ ಸುತ್ತುವುದಿಲ್ಲ ಅಂದೆ. ಟ್ರೇಲರ್ ಹಿಂದಕ್ಕೆ ತೆಗೆಯುವುದು ನಿಮ್ಮ ಕೈಲಾಗುವ ಕೆಲಸವಲ್ಲ ಅಂದೆ, ಅದಕ್ಕೆ ಅವರು ಎರಡು ದಿನ ಮುಖ ಊದಿಸಿಕೊಂಡರು. ಹೈಸ್ಕೂಲಿನಲ್ಲಿರುವ ಮಗಳಂತೂ ನನ್ನ ಕಾರಣಗಳು ಒಂದಕ್ಕಿಂತ ಒಂದು ವೀಕು ಅಂತ ಇಂಗ್ಲಿಷಿನಲ್ಲೇ ತೀರ್ಪು ಕೊಟ್ಟಳು.

ನನ್ನ ನಿಜವಾದ ಕಾರಣ ಪಕ್ಕದ ಕೋಣೆಯಲ್ಲಿ ಕೂತು ಹೂಬತ್ತಿ ಹೊಸೆಯುತ್ತಿತ್ತು. ನನ್ನ ಅತ್ತೆ.

ಅತ್ತೆ ನಮ್ಮ ಜೊತೆಗೇ ಸ್ಯಾನ್ ಹೊಸೆಯಲ್ಲಿದ್ದಾರೆ. ಹಾಸನದಲ್ಲಿದ್ದಾಗ ಅವರು ಕಿಟಕಿ ಪಕ್ಕದ ಸೀಟಿಗಾಗಿ ಕಂಡಕ್ಟರುಗಳ ಹತ್ತಿರ ಜಗಳವಾಡಿದ ಹೆಂಗಸು. ಒಂದು ಬೋಗಿ ತುಂಬ ನೆಂಟರನ್ನು ಕಟ್ಟಿಕೊಂಡು ಕಾಶಿಗೆ ಹೋಗಿ, ಒಬ್ಬರನ್ನೂ ಕಳೆಯದೆ ವಾಪಸು ತಂದವರು. ಅಂಥವರು ಈಗ ಕೆಲವು ವರ್ಷಗಳಿಂದ ಕಾರು ಅಂದರೆ ಸಾಕು, ಕೋಣೆ ಸೇರಿಬಿಡುತ್ತಿದ್ದರು. ಯಾಕೆ ಅಂತ ಗೊತ್ತಿದ್ದದ್ದು ನನಗೊಬ್ಬಳಿಗೇ.

ಒಂದು ಭಾನುವಾರ ಫ್ರೀಮಾಂಟಿನಿಂದ ದಿನಸಿ ತಗೊಂಡು ವಾಪಸು ಬರುತ್ತಿದ್ದೆವು. ಫ್ರೀವೇಯಲ್ಲಿ ಟ್ರಾಫಿಕ್ಕು ಕಲ್ಲಿನ ಹಾಗೆ ನಿಂತಿತ್ತು. ಹಿಂದಿನ ಸೀಟಿನಲ್ಲಿ ನಾನು, ಅತ್ತೆ, ನಡುವೆ ಚೀಲಗಳು. ಇದ್ದಕ್ಕಿದ್ದ ಹಾಗೆ ಅತ್ತೆಯ ಮುಖ ಬಿಳಿಚಿಕೊಂಡಿತು. ಏನಾಯಿತು ಅಂತ ನಾನು ಕೇಳುವಷ್ಟರಲ್ಲಿ ಅವರು ಚೀಲದಿಂದ ಮೊಸರಿನ ಡಬ್ಬ ಎಳೆದುಕೊಂಡು, ಮುಚ್ಚಳ ಕಿತ್ತು, ತಮ್ಮ ಮಡಿಲಿಗೆ ತಾವೇ ಕವುಚಿಕೊಂಡರು. ಆಮೇಲೆ, ಅಯ್ಯೋ ಮೊಸರೆಲ್ಲ ಚೆಲ್ಲಿಹೋಯಿತಲ್ಲೋ ಅಂತ ಮಗನಿಗೆ ಹೇಳಿದರು. ಬಿಡಮ್ಮ, ಸೀಟು ತೊಳೆದರಾಯಿತು ಅಂತ ಕಾರು ಓಡಿಸುತ್ತಿದ್ದ ಇವರು ಮುಂದೆ ನೋಡಿಕೊಂಡೇ ಅಂದರು. ಡಬ್ಬ ಕವುಚಿದ ಆ ಕೈಯನ್ನು ನಾನು ನೋಡಿದ್ದೆ. ಮೊಸರಿನ ಕೆಳಗೆ ಸೀರೆ ಮೊದಲೇ ಒದ್ದೆಯಾಗಿದ್ದದ್ದನ್ನೂ ನೋಡಿದ್ದೆ.

ಮನೆಗೆ ಬಂದು ಬಚ್ಚಲಿನಲ್ಲಿ ಸೀರೆ ಬಿಚ್ಚಿಸುವಾಗ ಅವರು ನನ್ನ ಕೈ ಹಿಡಿದು ತಮ್ಮ ನೆತ್ತಿಯ ಮೇಲೆ ಇಟ್ಟುಕೊಂಡರು. ತಡೆದುಕೊಳ್ಳಲು ಆಗುತ್ತಿಲ್ಲ, ಅರ್ಧ ಗಂಟೆಯಾದರೆ ಸಾಕು, ಗೊತ್ತೇ ಆಗದೆ ಹೋಗಿಬಿಡುತ್ತದೆ, ಆದರೆ ಇದು ನನ್ನ ಮಗನ ಕಿವಿಗೆ ಬೀಳಕೂಡದು, ಆಣೆ ಮಾಡು ಅಂದರು. ಡಾಕ್ಟರ ಹತ್ತಿರ ಹೋಗೋಣ ಅಂದೆ. ಅಲ್ಲಿಗೆ ಕರೆದುಕೊಂಡು ಹೋಗುವವನೂ ಅವನೇ ತಾನೆ ಅಂದರು. ಆಣೆ ಮಾಡಿದೆ. ನಾನು ಸಾಫ್ಟ್‌ವೇರ್ ಟೆಸ್ಟ್ ಮಾಡುವವಳು, ಆಣೆ ಮುರಿದರೆ ತಲೆ ಸಿಡಿಯುತ್ತದೆ ಎಂಬುದನ್ನೆಲ್ಲ ನಂಬುವವಳಲ್ಲ. ಆದರೆ ಹಿರಿಯರ ತಲೆ ಮುಟ್ಟಿ ಆಡಿದ ಮಾತನ್ನು ಮೀರುವ ಧೈರ್ಯ ನಮ್ಮ ಕಡೆಯವರಿಗೆ ಯಾರಿಗಿದೆ, ಹೇಳಿ. ಬಿಸಿ ತುಪ್ಪ ಬಾಯಿಗೆ ಬಿದ್ದ ಹಾಗಾಯಿತು, ನುಂಗುವ ಹಾಗಿಲ್ಲ, ಉಗುಳುವ ಹಾಗೂ ಇಲ್ಲ.

ಅಂದಿನಿಂದ ಅತ್ತೆ ಹಿಡಿದದ್ದು ಮಡಿಯ ನೆಪ. ದೇವರ ದೀಪ ಯಾರು ಹಚ್ಚುತ್ತಾರೆ, ಹೋಟೆಲಿನ ಹಾಸಿಗೆ ಮೈಲಿಗೆ, ನೀವು ಹೋಗಿ ಬನ್ನಿ ಅನ್ನುವರು. ನನ್ನ ಗಂಡ ಅದನ್ನು ಅಕ್ಷರಶಃ ನಂಬಿದರು. ಅಮ್ಮನ ಆಚಾರಕ್ಕೆ ಅಡ್ಡ ಬರಬಾರದು ಅಂತ ಬಲವಂತವನ್ನೂ ಮಾಡಲಿಲ್ಲ. ಮಂಡ್ಯ ಕಡೆಯ ಗೆಳತಿಯೊಬ್ಬರನ್ನು ಮನೆಯಲ್ಲಿ ಮಲಗಲು ಒಪ್ಪಿಸಿ ನಾವು ಯೋಸೆಮಿಟಿಗೆ ಹೋದೆವು, ಗ್ರ್ಯಾಂಡ್ ಕ್ಯಾನ್ಯನ್ನಿಗೆ ಹೋದೆವು. ವಾಪಸು ಬಂದರೆ ಅತ್ತೆ ಫೋನು ಇಸಿದುಕೊಂಡು ಒಂದೊಂದು ಫೋಟೋವನ್ನೂ ಎರಡು ಬೆರಳಿನಲ್ಲಿ ಹಿಗ್ಗಿಸಿ, ಈ ಬಂಡೆಯ ಹಿಂದೆ ಏನಿದೆ, ಈ ದಾರಿ ಎಲ್ಲಿಗೆ ಹೋಗುತ್ತದೆ ಅಂತ ಕೇಳುತ್ತಿದ್ದರು. 

ಈಗ ಅರ್ಥವಾಯಿತಲ್ಲ, ನನಗೆ ಮೋಟರ್‌ಹೋಮ್ ಯಾಕೆ ಬೇಕಿತ್ತು ಅಂತ. ಅದರಲ್ಲಾದರೆ ಅತ್ತೆ ಯಾರನ್ನೂ ಕೇಳದೆ ಎದ್ದು ಹಿಂದೆ ಹೋಗಿ ಬರಬಹುದು. ಮಗನಿಗೆ ತಿಳಿಯುವುದೇ ಇಲ್ಲ. ಹಾವೂ ಸಾಯಬಾರದು, ಕೋಲೂ ಮುರಿಯಬಾರದು. ಟ್ರೇಲರಿನಲ್ಲೂ ಬಚ್ಚಲಿದೆ, ಆದರೆ ಓಡುವಾಗ ಅದರೊಳಗೆ ಯಾರೂ ಕೂರುವ ಹಾಗಿಲ್ಲ, ಕಾನೂನು. ಹೋಗಬೇಕಾದರೆ ಕಾರು ನಿಲ್ಲಿಸು ಅಂತ ಬಾಯಿ ಬಿಟ್ಟು ಹೇಳಬೇಕು. ಅತ್ತೆ ಸತ್ತರೂ ಹೇಳುವವರಲ್ಲ.

ಅಷ್ಟರಲ್ಲಿ ಈ ಮಹಾಶಯರು ಒಂದು ಹೊಸ ಟ್ರೇಲರ್ ಕಂಡುಹಿಡಿದರು. ಅದರ ಒಲೆ ಹೊರಗೋಡೆಯಲ್ಲಿದೆಯಂತೆ, ಬಾಗಿಲು ಎತ್ತಿ ಬಯಲಲ್ಲೇ ಅಡುಗೆ ಮಾಡಬಹುದಂತೆ. ಒಲೆ ಹೊರಗೆ, ಪಾಯಿಖಾನೆ ಒಳಗೆ, ಅಮ್ಮನ ಮಡಿಗೆ ಹೇಳಿ ಮಾಡಿಸಿದ ಹಾಗಿದೆ, ಮೋಟರ್‌ಹೋಮಿನಲ್ಲಾದರೆ ಎರಡೂ ಅಕ್ಕಪಕ್ಕ ಅಂತ ಊಟಕ್ಕೆ ಕೂತಾಗ ಘೋಷಿಸಿದರು. ಪಾಪ, ಅಮ್ಮನನ್ನು ಕರೆದುಕೊಂಡು ಹೋಗುವ ಆಸೆ ಅವರಿಗೂ ಇತ್ತು. ಅತ್ತೆಯೋ, ಹೌದಪ್ಪ, ಒಲೆ ಪಕ್ಕ ಪಾಯಿಖಾನೆ ಇದ್ದರೆ ನಾನಂತೂ ಕಾಲಿಡುವುದಿಲ್ಲ ಅಂತ ಮೊಳೆ ಹೊಡೆದುಬಿಟ್ಟರು. ನಾನು ಯಾರಿಗಾಗಿ ಜಗಳವಾಡುತ್ತಿದ್ದೆನೋ ಅವರೇ ಎದುರು ಪಾರ್ಟಿ. ಮಗ ಎದ್ದು ಹೋದ ಮೇಲೆ ಅತ್ತೆಗೆ ಚೆನ್ನಾಗಿ ಬೈದೆ. ಅವರು ಶಾಂತವಾಗಿ, ನಾನು ಹೇಗಿದ್ದರೂ ಬರುವವಳಲ್ಲವಲ್ಲೇ, ಅವನಿಗೆ ಇಷ್ಟವಾದದ್ದು ತಗೊಳ್ಳಲಿ ಬಿಡು ಅಂದರು. ಅವತ್ತು ನನಗೆ ಬಂದ ಸಿಟ್ಟಿಗೆ ಚಪಾತಿಗಳು ಹಪ್ಪಳವಾದವು.

ಕೊನೆಗೆ ಒಂದು ಶನಿವಾರ ಎರಡನ್ನೂ ಕಣ್ಣಾರೆ ನೋಡಿ ತೀರ್ಮಾನ ಮಾಡುವುದು ಅಂತಾಯಿತು. ಮಾರುವ ಅಂಗಡಿ ನಮ್ಮ ಮನೆಗೆ ಹತ್ತಿರವೇ. ಮಗಳು ಅಜ್ಜಿಯ ಕೈ ಹಿಡಿದು ಎಳೆದಳು. ಇಷ್ಟು ಹತ್ತಿರವಾದರೆ ಏನಾದೀತು ಅಂತ ಅತ್ತೆಯೂ ಹೊರಟರು. ಮೊದಲು ಟ್ರೇಲರ್ ನೋಡಿದೆವು. ಆಮೇಲೆ ನನ್ನ ಹಟಕ್ಕೆ ಮೋಟರ್‌ಹೋಮ್ ಹತ್ತಿದೆವು. ಸೇಲ್ಸ್‌ಮನ್ನು ಉತ್ಸಾಹದ ಮನುಷ್ಯ. ಬನ್ನಿ, ಒಂದು ಸುತ್ತು ಓಡಿಸಿಯೇ ನೋಡಿ ಅಂದ. ನನ್ನ ಗಂಡ ಸ್ಟಿಯರಿಂಗಿಗೆ, ಅವನು ಪಕ್ಕಕ್ಕೆ, ನಾವು ಮೂವರು ಹಿಂದಿನ ಸೋಫಾಗೆ. ಹತ್ತು ನಿಮಿಷದ ಸುತ್ತು ಅಂತ ಮಾರ್ಗನ್ ಹಿಲ್ ಕಡೆಯ ಫ್ರೀವೇ ಹತ್ತಿದೆವು. ಮುಂದೆಲ್ಲೋ ಯಾವುದೋ ಲಾರಿ ಕೆಟ್ಟು ನಿಂತಿತ್ತು. ಕಣ್ಣು ಹಾಯುವವರೆಗೆ ಕೆಂಪು ದೀಪಗಳು. ಎಷ್ಟು ಹೊತ್ತಾದರೂ ಗಾಡಿ ಅಲುಗಲಿಲ್ಲ.

ಅತ್ತೆಯ ಉಗುರು ನನ್ನ ಮಣಿಕಟ್ಟಿಗೆ ನಾಟಿತು. ಅದೇ ಬಿಳಿಚಿದ ಮುಖ. ನೀನೇ ಹೋಗ್ತಿದೀನಿ ಅಂತ ಹೇಳು, ನಾನು ನಿನ್ನ ಹಿಂದೆ ಬರ್ತೀನಿ ಅಂತ ಪಿಸುಗುಟ್ಟಿದರು. ನಾನು ಜೋರಾಗಿ, ರೀ, ನಾನು ಬಾತ್‌ರೂಮಿಗೆ ಹೋಗಬೇಕು ಅಂದು ಬೆಲ್ಟು ಬಿಚ್ಚಿ ಎದ್ದೆ. ಅತ್ತೆಯೂ ಎದ್ದರು. ಹಿಂದೆ ಒಂದು ಪರದೆ, ಅದರಾಚೆ ಬೀರುವಿನಷ್ಟೇ ಅಗಲದ ಬಚ್ಚಲು. ಕಮೋಡಿನ ಮುಚ್ಚಳದ ಮೇಲೆ ಇದು ನೋಡಲು ಮಾತ್ರ, ಬಳಸಬೇಡಿ ಎಂಬ ಸ್ಟಿಕ್ಕರು. ನಲ್ಲಿ ತಿರುಗಿಸಿದರೆ ನೀರಿಲ್ಲ. ನೀರಿಲ್ಲದಿದ್ದರೆ ಅತ್ತೆ ಒಳಗೇ ಹೋಗುವವರಲ್ಲ. ಸೇಲ್ಸ್‌ಮನ್ನು ಕುಡಿಯಲು ಕೊಟ್ಟಿದ್ದ ನೀರಿನ ಬಾಟಲಿಯನ್ನು ಅವರ ಕೈಗೆ ಕೊಟ್ಟು, ಸ್ಟಿಕ್ಕರು ಹರಿದೆಸೆದು, ಅವರನ್ನು ಒಳಗೆ ಬಿಟ್ಟು ಬಾಗಿಲು ಹಾಕಿದೆ. ಉಸ್ಸಪ್ಪಾ, ಸರಿಹೊತ್ತಿಗೆ ಆಯಿತು.

ಕಮೋಡು ತೊಳೆಯುವ ಪೆಡಲ್ಲು ಒತ್ತಿದ ಸದ್ದು ಸೇಲ್ಸ್‌ಮನ್ನಿಗೆ ಕೇಳಿಸಿತು. ಮೇಡಮ್, ಅದು ಡಿಸ್‌ಪ್ಲೇಗೆ ಇಟ್ಟಿದ್ದು ಅಂತ ಗಾಬರಿಯಾಗಿ ಕೂಗಿದ. ನನ್ನ ಗಂಡನಿಗೆ ಮೈಯೆಲ್ಲ ಅವಮಾನ. ಅವನಿಗೆ ಇಂಗ್ಲಿಷಿನಲ್ಲಿ ಕ್ಷಮೆ, ನನಗೆ ಕನ್ನಡದಲ್ಲಿ ಮಂಗಳಾರತಿ. ಸ್ಟಿಕ್ಕರು ಕಾಣಲಿಲ್ಲವಾ, ಓದು ಬರುವುದಿಲ್ಲವಾ, ಹತ್ತು ನಿಮಿಷ ತಡೆದುಕೊಳ್ಳಲು ಆಗದೆ ಇರುವುದಕ್ಕೆ ನೀನೇನು ಎಳೆಕೂಸಾ ಅಂದರು. ಮಗಳು ಕಿಟಕಿಯ ಕಡೆ ತಿರುಗಿ ನಮಗೂ ತನಗೂ ಸಂಬಂಧವಿಲ್ಲದವಳ ಹಾಗೆ ಕೂತಳು. ನಾನು ತುಟಿ ಕಚ್ಚಿಕೊಂಡು ಪರದೆಯ ಹತ್ತಿರ ನಿಂತಿದ್ದೆ.

ಬಾಗಿಲು ತೆರೆಯಿತು. ಅತ್ತೆ ಹೊರಗೆ ಬಂದು, ಸೆರಗು ಸರಿಮಾಡಿಕೊಂಡು, ನನ್ನ ಮುಂದೆ ಬಂದು ನಿಂತರು.

"ಅವಳ್ನ ಯಾಕೋ ಬೈತೀಯ? ಹೋಗಿದ್ದು ನಾನು."

ಇವರು ಕನ್ನಡಿಯಲ್ಲಿ ಅಮ್ಮನನ್ನು ನೋಡಿದರು.

"ನಂಗೆ ತಡ್ಕೊಳ್ಳಕ್ಕಾಗಲ್ಲ ಕಣೋ. ಎಷ್ಟೋ ವರ್ಷ ಆಯ್ತು. ಅವಳ ಹತ್ರ ಆಣೆ ಹಾಕಿಸ್ಕೊಂಡು ಬಾಯಿ ಕಟ್ಟಿದ್ದೆ."

ಮುಂದಿನ ಕಾರು ಆಗಲೇ ಸ್ವಲ್ಪ ಸರಿಯಿತು. ಇವರು ಹಿಂದಕ್ಕೆ ತಿರುಗುವ ಹಾಗಿಲ್ಲ, ರಸ್ತೆ ನೋಡಲೇಬೇಕು. ರಸ್ತೆ ನೋಡಿಕೊಂಡೇ, ಹಾಗಾದರೆ ಯೋಸೆಮಿಟಿಗೆ ಬರದೆ ಇದ್ದದ್ದೂ ಇದಕ್ಕೇನಾ ಅಂತ ಕೇಳಿದರು. ಹೂಂ ಅಂದರು ಅತ್ತೆ. ಗ್ರ್ಯಾಂಡ್ ಕ್ಯಾನ್ಯನ್ನಿಗೆ? ಅದಕ್ಕೂ ಹೂಂ. ಮಡಿ? ಹೋಟೆಲಿನ ಹಾಸಿಗೆಯಲ್ಲಿ ಎಂಥ ಮಡಿಯೋ, ಕಾಶಿಗೆ ಹೋದಾಗ ಪ್ಲಾಟ್‌ಫಾರಮ್ಮಿನ ಮೇಲೆ ಮಲಗಿರಲಿಲ್ಲವಾ ನಾನು ಅಂದರು. ನನಗೆ ಅಳುವೂ ನಗುವೂ ಒಟ್ಟಿಗೇ ಬಂದವು.

"ಒಂದ್ ಮಾತು ಹೇಳಿದ್ರೆ ನಿಲ್ಲಿಸ್ತಿದ್ನಲ್ಲಮ್ಮ. ಎಲ್ಲಿ ಬೇಕಾದ್ರೂ ನಿಲ್ಲಿಸ್ತಿದ್ದೆ."

"ಮಗನ ಹತ್ರ ಹ್ಯಾಗೋ ಹೇಳೋದು," ಅಂದರು ಅತ್ತೆ.

ನನ್ನ ಗಂಡನ ಕಿವಿಗಳು ಕೆಂಪಾಗಿದ್ದದ್ದು ನನಗೆ ಹಿಂದಿನಿಂದಲೇ ಕಾಣಿಸಿತು. ಶಿವಪೂಜೆಯಲ್ಲಿ ಕರಡಿ ಬಿಟ್ಟ ಹಾಗೆ ಸೇಲ್ಸ್‌ಮನ್ನು, ಎಲ್ಲ ಸರಿಯಾಗಿದೆಯಾ ಅಂತ ಬಾಯಿ ಹಾಕಿದ. ಸರಿಯಾಗಿದೆ, ಆ ಬಚ್ಚಲನ್ನು ನಾನೇ ತೊಳೆದುಕೊಡುತ್ತೇನೆ ಅಂತ ಇವರು ಅಂದರು. ಪುಣ್ಯಾತ್ಮ ಬೇಡವೇ ಬೇಡ ಅಂದ. ಆಮೇಲೆ ಮಗಳು ಅಜ್ಜಿಯನ್ನು ತನ್ನ ಪಕ್ಕ ಕೂರಿಸಿಕೊಂಡು ಬೆಲ್ಟು ಹಾಕಿದಳು. ನನ್ನ ಎದೆಯ ಮೇಲೆ ಇಷ್ಟು ವರ್ಷ ಕೂತಿದ್ದ ಒರಳುಕಲ್ಲು ಆ ಟ್ರಾಫಿಕ್ಕಿನ ನಡುವೆ ಇಳಿಯಿತು. ಮನೆ ಸೇರುವುದು ಎಷ್ಟು ತಡವಾದರೂ ನನಗೆ ಬೇಜಾರಿರಲಿಲ್ಲ.

ಮುಂದಿನ ವಾರವೇ ಡಾಕ್ಟರ ಹತ್ತಿರ ಹೋದೆವು, ಮಗನೇ ಕರೆದುಕೊಂಡು ಹೋದರು. ಆ ಡಾಕ್ಟರಮ್ಮನಿಗೆ ಇದು ನೆಗಡಿಯಷ್ಟೇ ಮಾಮೂಲಿ ಸಂಗತಿ. ಮಾತ್ರೆ ಕೊಟ್ಟರು, ಮಾಡಬೇಕಾದ ವ್ಯಾಯಾಮ ತೋರಿಸಿದರು. ಪೂರ್ತಿ ವಾಸಿಯಾಗಲಿಲ್ಲ, ತಡೆದುಕೊಳ್ಳುವ ಅರ್ಧ ಗಂಟೆ ಒಂದು ಗಂಟೆಯಾಯಿತು. ಇಷ್ಟಕ್ಕಾ ಇಷ್ಟು ವರ್ಷ ಅಂತ ನಾನು ಮತ್ತೆ ಅತ್ತೆಗೆ ಬೈದೆ.

ಮತ್ತೆ ಮನೆ? ಟ್ರೇಲರನ್ನೇ ತಗೊಂಡೆವು. ಹೂಂ, ನಾನೇ ಒಪ್ಪಿದೆ. ಮೋಟರ್‌ಹೋಮ್ ಬೇಕಾಗಿದ್ದದ್ದು ಗುಟ್ಟಿಗೆ, ಅತ್ತೆಗಲ್ಲ. ಗುಟ್ಟು ಹೋದ ಮೇಲೆ ಆ ಎರಡನೆಯ ಎಂಜಿನ್ನು ನಮಗ್ಯಾಕೆ? ನಿಲ್ಲಿಸು ಅಂದರೆ ನಿಲ್ಲಿಸುತ್ತಾರೆ, ಬಚ್ಚಲು ನಮ್ಮ ಬೆನ್ನ ಹಿಂದೆಯೇ ಬರುತ್ತಿರುತ್ತದೆ. ತಾನು ಹಿಡಿದ ಮೊಲಕ್ಕೆ ಮೂರೇ ಕಾಲು ಅನ್ನುವ ನನ್ನ ಗಂಡನ ಮೊಲಕ್ಕೆ ಈ ಸಲ ನಿಜವಾಗಿಯೂ ಮೂರೇ ಕಾಲಿತ್ತು. ಅವರು ಅದನ್ನು ಇನ್ನೂ ಹೇಳಿಕೊಂಡು ತಿರುಗುತ್ತಿದ್ದಾರೆ, ನಾನು ಹೇಳಲಿ ಅಂತ ಬಿಟ್ಟಿದ್ದೇನೆ.

ವಸಂತದ ರಜೆಗೆ ಮೊದಲ ಸಲ ಅದನ್ನು ಕಟ್ಟಿಕೊಂಡು ಕಡಲ ದಾರಿ ಸೇರಲು ದಕ್ಷಿಣಕ್ಕೆ ಹೊರಟೆವು. ಅತ್ತೆಗೆ ಕಿಟಕಿ ಪಕ್ಕದ ಸೀಟು. ಬೇಕೆಂದಾಗ ನಿಲ್ಲಿಸಲು ಆಗಲಿ ಅಂತ ಇವರು ಬಲಗಡೆಯ ನಿಧಾನದ ಲೇನು ಬಿಟ್ಟು ಕದಲಲಿಲ್ಲ. ಮಾರ್ಗನ್ ಹಿಲ್ ದಾಟುತ್ತಿದ್ದಂತೆ ಹಿಂದಿನಿಂದ ಅತ್ತೆಯ ಧ್ವನಿ ಬಂತು, ನಿಲ್ಸೋ ಅಂತ. ಮೊದಲನೆಯ ಸಲ ಮೆಲ್ಲಗೆ ಹೇಳಿದರು. ಎರಡನೆಯ ಸಲ ಸಾಕಷ್ಟು ಜೋರಾಗಿ. ಎರಡು ಸಲವೂ ಇವರು ನಿಲ್ಲಿಸಿ, ಓಡಿಹೋಗಿ ಟ್ರೇಲರಿನ ಬಾಗಿಲು ತೆಗೆದು, ಮೆಟ್ಟಿಲು ಇಳಿಸಿ, ಅಮ್ಮನಿಗೆ ಕೈ ಕೊಟ್ಟರು. ಹೀಗಾದರೆ ನಾವು ಬೇಸಿಗೆಗೆ ತಲುಪುತ್ತೇವೆ ಅಂತ ಮಗಳು ಗೊಣಗಿದಳು.

ಮೂರನೆಯ ಸಲ ಅತ್ತೆ ನಿಲ್ಸೋ ಅಂದಾಗ ರಸ್ತೆ ಬಂಡೆಗಳ ಅಂಚಿನಲ್ಲಿತ್ತು, ಕೆಳಗೆ ಕಡಲು. ಸ್ವಲ್ಪ ಮುಂದೆ ಗಾಡಿ ನಿಲ್ಲಿಸುವ ಜಾಗ ಸಿಕ್ಕಿತು. ಇವರು ಇಳಿದು, ಓಡಿ, ಬಾಗಿಲು ತೆಗೆದು, ಮೆಟ್ಟಿಲು ಇಳಿಸಿ ಕೈ ಚಾಚಿ ನಿಂತರು. ಅತ್ತೆ ಕಾರಿನಿಂದಿಳಿದು ಅವರನ್ನು ದಾಟಿ ನಡೆದರು.

"ಅದಕ್ಕಲ್ಲ ಕಣೋ. ಸಮುದ್ರ ನೋಡಕ್ಕೆ," ಅಂದರು.