ಕೊರತೆ ಯಾರದೆಂದು ಗೊತ್ತಾದ ದಿನ

ನಾಲ್ಕು ವರ್ಷದ ಹಿಂದಿನ ಮಾತು. ಮಾನ್ವಿಯಿಂದ ದೇವದುರ್ಗಕ್ಕೆ ಸೊಸೆಯಾಗಿ ಬಂದು ಬಹಳ ದಿನವಾದರೂ ನನಗೆ ಮಕ್ಕಳಾಗಿರಲಿಲ್ಲ. ಅವರಿವರು ಹೇಳಿದ ಕಷಾಯವನ್ನೆಲ್ಲ ಅತ್ತೆ ನನಗೇ ಕುಡಿಸಿದರು. ಮಗನಿಗೆ ಒಂದು ಗುಟುಕೂ ಕೊಡಲಿಲ್ಲ. ಕೊನೆಗೆ ನಮ್ಮವರಿಗೆ ಅವರ ಅಕ್ಕನ ಮಗಳು ರೇಣುಕಾಳನ್ನೇ ಎರಡನೆಯ ಹೆಂಡತಿಯಾಗಿ ತರುವುದೆಂದು ನಿಶ್ಚಯಿಸಿದರು. ಅಕ್ಕನ ಮಗಳನ್ನು ತಮ್ಮನಿಗೆ ಕೊಡುವುದು ನಮ್ಮಲ್ಲಿ ಹೊಸದಲ್ಲ. ಹುಡುಗಿ ಇನ್ನೂ ಕಾಲೇಜಿಗೆ ಹೋಗುತ್ತಿದ್ದಳು.

ಅಷ್ಟರಲ್ಲಿ ನನ್ನನ್ನು ಪರೀಕ್ಷಿಸಿದ ರಾಯಚೂರಿನ ಡಾಕ್ಟರಮ್ಮ, "ನಿಮ್ಮದೆಲ್ಲ ಸರಿ ಅದ. ಯಜಮಾನರನ್ನ ಕರ್ಕೊಂಡು ಬರ್ರಿ" ಎಂದರು. ನಮ್ಮವರು ಮುಖ ಗಂಟಿಕ್ಕಿಕೊಂಡೇ ಬಂದು ವೀರ್ಯ, ರಕ್ತ ಎರಡನ್ನೂ ಪರೀಕ್ಷೆಗೆ ಕೊಟ್ಟರು. ಫಲಿತಾಂಶ ಕೇಳಲು ಅತ್ತೆಯೂ ಜೊತೆಗೆ ಬಂದರು.

"ವೀರ್ಯಾಣುವಿನ ಬಾಲ ಗಿಡ್ಡ ಅದಾವ, ಮುಂದಕ್ಕ ಈಜಂಗಿಲ್ಲ" ಎಂದ ಡಾಕ್ಟರಮ್ಮ ಅತ್ತೆಯತ್ತ ತಿರುಗಿ, "ಯವ್ವಾ, ನಿಮ್ಮ ಯಜಮಾನರು ಮದಿವಿಗಿಂತ ಮೊದಲ ನಿಮಗ ಏನಾಗಬೇಕಿತ್ತು?" ಎಂದು ಕೇಳಿದರು.

"ಸ್ವಾದರಮಾವ ರೀ. ನಮ್ಮವ್ವನ ತಮ್ಮ."

"ಬಾಲ ಬೆಳಸೂ ಜೀನ್‌ನಾಗ ದೋಷ ಅದ. ಒಂದ ಕಡಿಯಿಂದ ಬಂದಿದ್ರ ನಡೀತಿತ್ತು. ತಂದಿ, ತಾಯಿ ಒಂದ ರಕ್ತದವರು, ಇಬ್ಬರಿಂದನೂ ಅದೇ ದೋಷ ಬಂದದ. ಇದು ಯಾರ ತಪ್ಪೂ ಅಲ್ಲ. ವೀರ್ಯಾಣುನ ಸೂಜಿಲೆ ಅಂಡದಾಗ ಬಿಡೂ ಚಿಕಿತ್ಸಾ ಅದ, ನೋಡೂಣು."

"ನನ್ನ ಮೊಮ್ಮಗಳನ್ನ ಇವನಿಗೆ ಎರಡನೇದಾಕಿ ಮಾಡಿ ತಂದ್ರ?" ಅತ್ತೆ ಕೇಳಿದರು.

"ಏನೂ ಉಪಯೋಗ ಇಲ್ಲ ಯವ್ವಾ. ಆ ಹುಡುಗಿ ರಕ್ತದಾಗೂ ಈ ದೋಷ ಇರಬಹುದು."

ಬಸ್ಸಿನಲ್ಲಿ ಅತ್ತೆ ನನ್ನ ಕಡೆ ಬಾಗಿ, "ಮನ್ಯಾಗ ನಿಂದ ದೋಷ ಅಂತ ಹೇಳು. ಗಂಡಸಿನ ಮಾನ ಹೋಗಬಾರದು" ಎಂದರು. ನನಗೆ ಮೈಯೆಲ್ಲ ಉರಿಯಿತು. ಹಿಂದಿನ ಸೀಟಿನಲ್ಲಿದ್ದ ನಮ್ಮವರು ಕಿಟಕಿಯಾಚೆ ನೋಡುತ್ತಿದ್ದರು.

ಮನೆಗೆ ಬಂದರೆ ನಮ್ಮವರ ಅಕ್ಕ ಸಕ್ಕರೆ, ಕಾಯಿ ತಂದು ಮಗಳ ಮದುವೆಯ ಮಾತು ಮುಗಿಸಲು ಕಾದಿದ್ದರು. "ಏನಂದ್ರು ಡಾಕ್ಟರು?" ಎಂದು ನನ್ನನ್ನೇ ಕೇಳಿದರು.

ನಮ್ಮವರು ಚಪ್ಪಲಿಯನ್ನೂ ಬಿಡದೆ ಬಾಗಿಲಲ್ಲೇ ನಿಂತಿದ್ದರು. "ಅಕ್ಕಾ, ಕೊರತಿ ನಂದು, ಈಕಿದಲ್ಲ. ರೇಣುಕಾನ್ನ ಓದ್ಸು" ಎಂದರು. ಆ ಗಳಿಗೆಯಲ್ಲಿ ಅವರ ಮೇಲೆ ನನಗೆ ಹುಟ್ಟಿದ ಪ್ರೀತಿ ಮದುವೆಯಾದಾಗಲೂ ಇರಲಿಲ್ಲ. ಅಕ್ಕ ಕಾಯಿ ಎತ್ತಿಕೊಂಡು ಹೋದರು.

ಅತ್ತೆ ಅಡುಗೆಮನೆಗೆ ಬಂದು ಒಲೆಯ ಹತ್ತಿರ ಕೂತರು. ಆಮೇಲೆ, "ಮಾವನ್ನ ಮಾಡ್ಕೋತಿ ಏನು ಅಂತ ನನ್ನ ಯಾರ ಕೇಳಿದ್ರು? ಗೊಂಬಿ ಆಡಾಕತ್ತಿದ್ನಿ, ಕರದು ಅರಿಶಿಣ ಹಚ್ಚಿದ್ರು" ಎಂದರು. ಸಿಟ್ಟಿದ್ದರೂ ನಾನೇ ರೊಟ್ಟಿ ಬಡಿಸಿ ಅವರ ಪಕ್ಕದಲ್ಲಿ ಕೂತು ಉಂಡೆ.

ಚಿಕಿತ್ಸೆ ಒಮ್ಮೆ ಮಾಡಿಸಿದೆವು, ಗರ್ಭ ನಿಲ್ಲಲಿಲ್ಲ. ಇನ್ನೊಮ್ಮೆ ನೋಡಬೇಕು. ಮಕ್ಕಳಿಲ್ಲವೇ ಎಂದು ಈಗಲೂ ಜನ ನನ್ನನ್ನೇ ಕೇಳುತ್ತಾರೆ. ನಾನು ಬಾಯಿ ತೆರೆಯುವ ಮೊದಲೇ ಅತ್ತೆ ಹೇಳಿಬಿಡುತ್ತಾರೆ: "ಅದು ನಮ್ಮ ರಕ್ತದಾಗಿಂದು. ಕೇಳೂದಿದ್ರ ನನ್ನ ಕೇಳ್ರಿ."